ಯುದ್ಧಕಾಲದ ಉಡುಗೆ ಮತ್ತು ಇಂದಿನ ಹಂಬಲ: ಚಿಕ್ಕೋಡಿ ಪರಿಸರದ ಒಂದು ಅವಲೋಕನ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಾಲೇಜಿನ ಸಾಂಪ್ರದಾಯಿಕ ಉಡುಗೆಯ ದಿನದಂದು, ಮದುವೆಯ ಛಾಯಾಚಿತ್ರಗಳಲ್ಲಿ ಒಂದೇ ಬಗೆಯ ವೇಷ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳು ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಖಣದ ಕುಪ್ಪಸ. ಗಂಡಸರು ಧೋತರ, ತೋಳಿನ ಅಂಗಿ, ಪಟಕ ಅಥವಾ ಬಿಳಿ ಟೊಪ್ಪಿಗೆ, ಕಾಲಿಗೆ ಕೊಲ್ಹಾಪುರಿ ಚಪ್ಪಲಿ. ಇದನ್ನು ‘ಮುತ್ತಜ್ಜಿಯ ಕಾಲದ ಉಡುಗೆ’ ಎಂದು ಕರೆಯಲಾಗುತ್ತದೆ. ತಲೆಮಾರುಗಳನ್ನು ಎಣಿಸಿ ನೋಡಿದರೆ ಆ ಕಾಲವು 1940ರ ದಶಕಕ್ಕೆ, ಅಂದರೆ ಎರಡನೆಯ ಮಹಾಯುದ್ಧದ ದಿನಗಳಿಗೆ ಬಂದು ನಿಲ್ಲುತ್ತದೆ. ಬಟ್ಟೆಯೇ ಸಿಗದಿದ್ದ ಆ ಕಾಲವು ಉಡುಗೆಯ ಸುವರ್ಣಕಾಲವೆಂಬಂತೆ ನೆನಪಿನಲ್ಲಿ ಉಳಿದುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಪ್ರದೇಶದ ಸ್ವರೂಪವನ್ನು ಗಮನಿಸಬೇಕು. ಆಗ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ. ಆಡಳಿತಗಳು ಬೇರೆಯಾಗಿದ್ದರೂ ಉಡುಗೆಗೆ ಗಡಿಯಿರಲಿಲ್ಲ. ಪೂರ್ವದ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಪಶ್ಚಿಮದ ಇಚಲಕರಂಜಿಯ ಮಗ್ಗಗಳ ಬಟ್ಟೆ ಈ ಸೀಮೆಯಲ್ಲಿ ಸಂಧಿಸುತ್ತಿದ್ದವು. ಒಂಬತ್ತು ವಾರದ ಸೀರೆಯನ್ನು ಕನ್ನಡ ಮಾತನಾಡುವವರೂ ಮರಾಠಿ ಮಾತನಾಡುವವರೂ ಕಚ್ಚೆ ಹಾಕಿಯೇ ಉಡುತ್ತಿದ್ದರು.

ಯುದ್ಧವು ಈ ವ್ಯವಸ್ಥೆಯನ್ನು ಅಲುಗಿಸಿತು. ಸೇನೆಯ ಅಗತ್ಯಕ್ಕಾಗಿ ಗಿರಣಿಗಳ ಬಟ್ಟೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿತು. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದ ಮೇಲೆ ಅಲ್ಲಿಯ ಬಟ್ಟೆಯ ಆಮದಿಗೆ ಅವಕಾಶವೇ ಉಳಿಯಲಿಲ್ಲ. 1942ರ ಚಲೇಜಾವ್ ಚಳವಳಿಯ ಸಂದರ್ಭದಲ್ಲಿ ಅಹಮದಾಬಾದಿನ ಗಿರಣಿಗಳು ಸುಮಾರು ಮೂರು ತಿಂಗಳು ಮುಚ್ಚಿದ್ದವು. ಕಲ್ಲಿದ್ದಲು ಮತ್ತು ರೈಲು ಸಾಗಣೆಯ ಕೊರತೆಗೆ ವ್ಯಾಪಾರಿಗಳ ದಾಸ್ತಾನೂ ಕೂಡಿಕೊಂಡು ಬೆಲೆ ಹಲವು ಪಟ್ಟು ಏರಿತು. 1943ರಲ್ಲಿ ಸರಕಾರವು ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆಯನ್ನು ಹೊರಡಿಸಿ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಬಡವರಿಗೆಂದು ‘ಸ್ಟ್ಯಾಂಡರ್ಡ್ ಬಟ್ಟೆ’ ಎಂಬ ಅಗ್ಗದ ಬಟ್ಟೆಯ ಯೋಜನೆಯೂ ಬಂದಿತು. ಕೈಮಗ್ಗದ ನೇಕಾರರ ಪಾಲಿಗೆ ನೂಲಿನ ಅಭಾವವೇ ದೊಡ್ಡ ಸಂಕಟವಾಯಿತು. ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. 1948ರ ಆರಂಭದಲ್ಲಿ ತೆಗೆದುಹಾಕಿದ ನಿಯಂತ್ರಣವನ್ನು ಅದೇ ವರ್ಷ ಮತ್ತೆ ಹೇರಬೇಕಾಯಿತು.

ಇಂಥ ಸ್ಥಿತಿಯಲ್ಲಿ ಒಂಬತ್ತು ವಾರದ ಸೀರೆ ಎಂಬುದು ಸಣ್ಣ ಮಾತಲ್ಲ. ಹರಿದುದನ್ನು ಹೊಲಿದು, ತೇಪೆ ಹಚ್ಚಿ, ಎರಡು ಹಳೆಯ ಸೀರೆಗಳ ಗಟ್ಟಿ ಭಾಗಗಳನ್ನು ಕೂಡಿಸಿ ಉಡುವುದು ಬಡ ಮನೆಗಳ ರೂಢಿ. ಉಡಲು ಬಾರದ ಸೀರೆ ಕೂಸಿನ ಕುಂಚಿಗೆಯಾಗುತ್ತದೆ, ಕೊನೆಗೆ ಕೌದಿಯ ಪದರಾಗುತ್ತದೆ. ಛಾಯಾಚಿತ್ರ ತೆಗೆಸಿಕೊಳ್ಳುವ ಅನುಕೂಲವಿದ್ದವರು ಪೆಟ್ಟಿಗೆಯೊಳಗಿನ ಒಳ್ಳೆಯ ಸೀರೆಯನ್ನುಟ್ಟು ಕುಳಿತರು. ದಿನದ ಉಡುಗೆ ಚಿತ್ರಕ್ಕೆ ಬರಲಿಲ್ಲ. ಇಂದಿನ ಹಂಬಲಕ್ಕೆ ಮಾದರಿಯಾಗಿರುವುದು ಆ ಚಿತ್ರದ ಉಡುಗೆಯೇ ಹೊರತು ಹೊಲದ ಉಡುಗೆಯಲ್ಲ.

ಒರಟು ಬಟ್ಟೆಗೂ ಆಗ ಎರಡು ಅರ್ಥಗಳಿದ್ದವು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ತರುವಾಯ ಈ ಜಿಲ್ಲೆಯಲ್ಲಿ ಖಾದಿಯು ವ್ರತವಾಗಿತ್ತು. ವ್ರತವಾಗಿ ತೊಟ್ಟ ಸರಳತೆಯೂ ಗತಿಯಿಲ್ಲದೆ ತೊಟ್ಟ ಸರಳತೆಯೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಎಂಬತ್ತು ವರ್ಷಗಳ ದೂರದಿಂದ ಇನ್ನೂ ಹೆಚ್ಚು ಹಾಗೆ ಕಾಣುತ್ತವೆ. ಬ್ರಿಟನ್ನಿನಲ್ಲಿಯೂ ಇಂಥದೇ ಹಂಬಲವುಂಟು. ಅಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ಪಡಿತರವಿತ್ತು. ಆ ಕಾಲದ ಉಡುಪುಗಳನ್ನು ಇಂದು ಉತ್ಸವಗಳಲ್ಲಿ ಅಭಿಮಾನದಿಂದ ತೊಡುತ್ತಾರೆ. ಆದರೆ ಅಲ್ಲಿ ಯುದ್ಧದ ನೆನಪು ಉಡುಪಿನೊಡನೆಯೇ ಉಳಿದಿದೆ. ನಮ್ಮಲ್ಲಿ ಉಡುಪು ಉಳಿದು ಅಭಾವದ ನೆನಪು ಅಳಿದಿದೆ.

ಅಳಿದ ಇನ್ನೊಂದು ನೆನಪು ಜಾತಿಯದು. ಉಡುಗೆಯೇ ಹುಟ್ಟನ್ನು ಸಾರುತ್ತಿದ್ದ ಕಾಲವದು. ಡಾ. ಬಿ.ಆರ್. ಅಂಬೇಡ್ಕರರು 1925ರಲ್ಲಿ ನಿಪ್ಪಾಣಿಯಲ್ಲಿ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ದಲಿತ ಮಹಿಳೆಯರನ್ನುದ್ದೇಶಿಸಿ, ಅಸ್ಪೃಶ್ಯತೆಯ ಗುರುತಾಗಿದ್ದ ಉಡುವ ರೀತಿಯನ್ನೂ ಆಭರಣಗಳನ್ನೂ ತ್ಯಜಿಸುವಂತೆ ಅವರು ಕರೆಕೊಟ್ಟರು. ಆ ಕರೆಯನ್ನು ಪಾಲಿಸಿದವರ ಮೊಮ್ಮಕ್ಕಳಿಗೆ ‘ಹಳೆಯ ಉಡುಗೆ’ಯು ಮರಳಿ ಪಡೆಯಬೇಕಾದ ಸೊಬಗಲ್ಲ, ಕಳಚಿಹಾಕಿದ ಗುರುತು. ಚಪ್ಪಲಿಯ ಕಥೆಯೂ ಹೀಗೆಯೇ. ಅಥಣಿ, ನಿಪ್ಪಾಣಿಗಳ ಪರಿಸರದ ಸಮಗಾರರು ಮಾಡುವ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಪ್ರಸಿದ್ಧವಾಯಿತು. 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. 2025ರಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನವೊಂದರಲ್ಲಿ ಅದೇ ಮಾದರಿಯ ಚಪ್ಪಲಿಗಳು ಮೂಲದ ಉಲ್ಲೇಖವಿಲ್ಲದೆ ಕಾಣಿಸಿಕೊಂಡಾಗ ವಿವಾದವೆದ್ದಿತು. ವಸ್ತುವನ್ನು ಮೆಚ್ಚಿ ಕೈಯನ್ನು ಮರೆಯುವುದು ಮಿಲಾನಿಗೆ ಮಾತ್ರ ಸೀಮಿತವಾದ ದೋಷವಲ್ಲ.

ಹಾಗೆಂದು ಈ ಹಂಬಲವನ್ನು ಹುಸಿಯೆಂದು ತಳ್ಳಿಹಾಕಲಾಗದು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಭಾಷೆಯ ಹೆಸರಿನಲ್ಲಿ ವಾದಕ್ಕೀಡಾದ ಈ ಸೀಮೆಯಲ್ಲಿ, ಎರಡೂ ಭಾಷೆಯವರು ತಮ್ಮದೆನ್ನಬಹುದಾದ ಕೆಲವೇ ಸಂಗತಿಗಳಲ್ಲಿ ಉಡುಗೆ ಒಂದು. ಕೊಂಡು ಬಿಸಾಡುವ ಇಂದಿನ ಬಟ್ಟೆಯ ಮುಂದೆ, ತಲೆಮಾರು ಬಾಳುವ ಬಟ್ಟೆಯ ನೆನಪು ವಿಮರ್ಶೆಯೂ ಹೌದು. ಆದರೆ ಆ ವಿಮರ್ಶೆಗೆ ಬಲ ಬರಬೇಕಾದರೆ ಅಭಾವದ ಸತ್ಯವೂ ಅದರಲ್ಲಿ ಸೇರಬೇಕು. 1943ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತನ್ನು ದಾಟಿದ್ದಾರೆ. ಅವರ ಮಾತುಗಳನ್ನು ದಾಖಲಿಸುವ ಕಾರ್ಯ ವಿಳಂಬವಿಲ್ಲದೆ ನಡೆಯಬೇಕು. ಛಾಯಾಚಿತ್ರಗಳ ಜೊತೆಗೆ ಮನೆಯ ಹಳೆಯ ಕೌದಿಗಳನ್ನೂ ಆಕರಗಳೆಂದು ಪರಿಗಣಿಸಬೇಕು. ಚಿತ್ರಕ್ಕೆ ಬಾರದ ದಿನದ ಉಡುಗೆ ಉಳಿದಿರಬಹುದಾದ ಜಾಗ ಅದೊಂದೇ.