ಮಿಯಾಂಡರ್: ನದಿಯ ಹೆಸರು ಕ್ರಿಯಾಪದವಾದ ಬಗೆ

ಪ್ರಶ್ನೆ: ಇಂಗ್ಲಿಷಿನ ‘ಮಿಯಾಂಡರ್’ ಎಂಬ ಪದದ ಅರ್ಥವೇನು? ಅದರ ಮೂಲ ಯಾವುದು?

ಉತ್ತರ: ಅವಸರವಿಲ್ಲದೆ, ನೇರವಾದ ಹಾದಿಯನ್ನು ಹಿಡಿಯದೆ, ಅತ್ತಿತ್ತ ಬಳಸುತ್ತ ಸಾಗುವುದೆಂಬ ಅರ್ಥವುಳ್ಳ ಈ ಪದವು ನದಿಯೊಂದರ ಅಂಕಿತನಾಮದಿಂದ ಹುಟ್ಟಿದುದು. ಇಂದಿನ ತುರ್ಕಿಯ ಪಶ್ಚಿಮಭಾಗದಲ್ಲಿ ಹರಿದು, ಪ್ರಾಚೀನ ಮಿಲೇಟಸ್ ನಗರದ ಸಮೀಪದಲ್ಲಿ ಈಜಿಯನ್ ಸಮುದ್ರವನ್ನು ಸೇರುವ, ಗ್ರೀಕರು ‘ಮಯಾಂಡ್ರೋಸ್’ ಎಂದು ಕರೆದ ಆ ನದಿಯ ಗತಿಯು ಎಷ್ಟು ಡೊಂಕಾಗಿದ್ದಿತೆಂದರೆ, ವಕ್ರವಾದುದಕ್ಕೆಲ್ಲ ಅದರ ಹೆಸರೇ ಸಂದಿತೆಂದು ಭೂಗೋಳಜ್ಞನಾದ ಸ್ಟ್ರಾಬೊ ಬರೆದಿದ್ದಾನೆ. ರೋಮನ್ ಕವಿ ಓವಿಡನು ಗ್ರೀಕ್ ಪುರಾಣದ ಶಿಲ್ಪಿ ಡೀಡಲಸನು ನಿರ್ಮಿಸಿದ ಜಟಿಲಗೃಹವನ್ನು ವರ್ಣಿಸುವಲ್ಲಿ ಇದೇ ನದಿಯನ್ನು ಉಪಮಾನವಾಗಿ ತಂದನು. ಲ್ಯಾಟಿನ್ನಿನ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿದ ಈ ಪದವು ಮೊದಲು ನಾಮಪದವಾಗಿದ್ದು ಅನಂತರ ಕ್ರಿಯಾಪದವಾಯಿತು.

ತೊರೆಗೂ, ಕಾಲುದಾರಿಗೂ, ವಿಷಯದಿಂದ ವಿಷಯಕ್ಕೆ ಹೊರಳುವ ಸಂಭಾಷಣೆಗೂ ಅದು ಸಲ್ಲುತ್ತದೆ. ಆದರೆ ದಾರಿತಪ್ಪಿ ದಿಕ್ಕುಗೆಟ್ಟವನಿಗೆ ಇದನ್ನು ಪ್ರಯೋಗಿಸುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಬಳಸಿ ಹರಿದರೂ ಮುಂದುವರಿಯುತ್ತಲೇ ಇರುವ ನೀರಿನ ಸ್ವಭಾವವು ಈ ಪದದಲ್ಲಿ ಇಂದಿಗೂ ಉಳಿದಿದೆ. ಭೂಗೋಳಶಾಸ್ತ್ರದಲ್ಲಂತೂ ಇದು ನದಿಯ ಬಾಗನ್ನು ಸೂಚಿಸುವ ಪಾರಿಭಾಷಿಕ ಪದವೇ ಆಗಿದೆ: ಪ್ರವಾಹವು ತಿರುವಿನ ಹೊರದಡವನ್ನು ಕೊರೆದು ಒಳದಡದಲ್ಲಿ ಮೆಕ್ಕಲನ್ನು ಸಂಚಯಿಸುವುದರಿಂದ ಬಾಗು ಬೆಳೆಯುತ್ತ ಹೋಗಿ, ಕಡೆಗೆ ನದಿಯು ಅದರ ಕೊರಳನ್ನು ಕಡಿದು ನೇರವಾಗಿ ಹರಿದಾಗ, ಹಳೆಯ ಪಾತ್ರವು ಅರ್ಧಚಂದ್ರಾಕೃತಿಯ ಸರೋವರವಾಗಿ ಉಳಿಯುತ್ತದೆ.