ಕೆರೆ-ಹೊಂಡಗಳಲ್ಲಿ ಮೀನು ಸಾಯುವ ಕಾರಣಗಳೂ ನೀರಿನ ಪರೀಕ್ಷೆಯೂ

ಧಾರವಾಡ ಜಿಲ್ಹೆಯ ಊರ ಕೆರೆಗಳಲ್ಲಿ ಮೀನು ಸಾಕುವ ಪದ್ಧತಿಯು ಹೊಸದಲ್ಲ. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಸಹಾಯದಿಂದ ಹೊಲಹೊಲಗಳಲ್ಲಿ ಹೊಂಡಗಳು ಆದ ಮೇಲೆ, ಈ ಉದ್ಯೋಗವು ಒಕ್ಕಲಿಗರ ಹೊಲದ ವರೆಗೂ ಬಂದಿರುವದು. ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಇವೇ ಮುಖ್ಯವಾಗಿ ಸಾಕಲ್ಪಡುವ ಜಾತಿಗಳು. ಮರಿಗಳಿಗೂ ಆಹಾರಕ್ಕೂ ಹಣ ಹಾಕಿ ಹತ್ತು ತಿಂಗಳು ಕಾದ ಒಕ್ಕಲಿಗನು, ಒಂದು ಬೆಳಗ್ಗೆ ದಂಡೆಗೆ ಬಂದು ನೋಡುವಾಗ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಅವನ ವ್ಯಥೆಯನ್ನು ಹೇಳತಕ್ಕದ್ದೇನು?

ಇಂಥ ಪ್ರಸಂಗದಲ್ಲಿ ಹಾನಿಯು ಎರಡು ಬಗೆಯಾಗಿರುವದು. ಒಂದು ಹಣದ ಹಾನಿ. ಇನ್ನೊಂದು ಊರ ಸಾಮರಸ್ಯದ ಹಾನಿ. “ಯಾರೋ ಆಗದವರು ವಿಷ ಹಾಕಿದರು” ಎಂಬ ಮಾತು ಹೊತ್ತು ಏರುವದರೊಳಗೆ ಊರೆಲ್ಲ ಹಬ್ಬುವದು. ಹಳೆಯ ಬಾಂದಿನ ಜಗಳವುಳ್ಳ ನೆರೆಯವನ ಹೆಸರು ಅದಕ್ಕೆ ಅಂಟಿಕೊಳ್ಳುವದು. ಆದರೆ ಇಂಥ ಸಾವುಗಳಲ್ಲಿ ಅನೇಕವು ಯಾರ ದ್ವೇಷದಿಂದಲೂ ಆದವುಗಳಲ್ಲ, ನೀರಿನ ದೋಷದಿಂದಲೇ ಆದವುಗಳು. ಆದುದರಿಂದ ಊರ ಗೌಡರೂ ಪಂಚಾಯತಿಯ ಪ್ರಮುಖರೂ ಜಮೀನುದಾರರೂ ಈ ವಿಷಯವನ್ನು ತಿಳಿದಿರುವದು ಅತ್ಯವಶ್ಯ. ನೆರೆಯವನ ಹೆಸರು ಹೇಳುವ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಔಷಧ ಹಾಕುವ ಮೊದಲೂ ನೀರನ್ನೇ ಪರೀಕ್ಷಿಸತಕ್ಕದ್ದು. ಇದೇ ಈ ಲೇಖನದ ಸಾರಾಂಶವು.

ದನಕ್ಕೆ ಕೊಟ್ಟಿಗೆ ಬೇರೆ, ಮೇವು ಬೇರೆ, ಗಾಳಿ ಬೇರೆ. ಮೀನಾದರೋ ಉಸಿರಾಡುವದೂ ಉಣ್ಣುವದೂ ಮಲ ವಿಸರ್ಜಿಸುವದೂ ಒಂದೇ ನೀರಿನಲ್ಲಿ. ಪಟ್ಟಣಗಳಲ್ಲಿ ಕಾಜಿನ ತೊಟ್ಟಿಯೊಳಗೆ ಉಪ್ಪುನೀರಿನಲ್ಲಿ ಸಮುದ್ರದ ಮೀನು ಸಾಕುವವರು ಕೂಡ ಮೀನು ಮಂಕಾದರೆ ಮೊದಲು ನೀರನ್ನು ಅಳೆಯುವರು, ಆ ಮೇಲೆ ಔಷಧದ ಸೀಸೆಗೆ ಕೈಹಾಕುವರು. ಕೆರೆಗೂ ಹೊಂಡಕ್ಕೂ ನಿಯಮವು ಅದೇ.

೧. ಪ್ರಾಣವಾಯುವಿನ ಕೊರತೆ

ನೀರಿನಲ್ಲಿ ಕರಗಿದ ಪ್ರಾಣವಾಯುವಿನಿಂದಲೇ ಮೀನು ಬದುಕುವದು. ೨೦ ಅಂಶ ಉಷ್ಣತೆಯ ಒಂದು ಲೀಟರು ನೀರು ಗಾಳಿಯಿಂದ ಸುಮಾರು ೯ ಮಿಲಿಗ್ರಾಮು ಪ್ರಾಣವಾಯುವನ್ನು ಹಿಡಿಯಬಲ್ಲದು. ೩೦ ಅಂಶಕ್ಕೆ ಏರಿದರೆ ಸುಮಾರು ೭.೫ ಮಿಲಿಗ್ರಾಮು ಮಾತ್ರ. ಅಂದರೆ ಬೇಸಿಗೆಯಲ್ಲಿ ಮೀನಿಗೆ ಹೆಚ್ಚು ಬೇಕಾದಾಗಲೇ ನೀರಿನಲ್ಲಿ ಕಡಿಮೆ ಇರುವದು. ಲೀಟರಿಗೆ ೫ ಮಿಲಿಗ್ರಾಮು ಇದ್ದರೆ ಗೆಂಡೆ ಮೀನುಗಳು ಸುಖವಾಗಿ ಬೆಳೆಯುವವು. ೩ಕ್ಕಿಂತ ಕೆಳಗೆ ಇಳಿದರೆ ತೊಳಲುವವು. ೧ಕ್ಕೆ ಇಳಿದರೆ ಸಾಯುವವು.

ನೀರು ಹಸಿರಾಗಿದ್ದರೆ ಅದರೊಳಗಿನ ಸೂಕ್ಷ್ಮ ಸಸ್ಯಗಳು ಹಗಲಿನಲ್ಲಿ ಬಿಸಿಲಿನ ಬಲದಿಂದ ಪ್ರಾಣವಾಯುವನ್ನು ಹುಟ್ಟಿಸುವವು. ರಾತ್ರಿಯಾದ ಕೂಡಲೆ ಅವೇ ಸಸ್ಯಗಳು ಮೀನಿನಂತೆ ಅದನ್ನು ಉಪಯೋಗಿಸಿಕೊಳ್ಳುವವು. ಆದುದರಿಂದ ಹೊತ್ತು ಮೂಡುವ ಮುಂಚಿನ ಸಮಯದಲ್ಲಿ ಪ್ರಾಣವಾಯು ಅತ್ಯಂತ ಕಡಿಮೆ. ಎರಡು ಮೂರು ದಿನ ಮೋಡ ಮುಸುಕಿದರೆ ಹಗಲಿನ ಗಳಿಕೆ ಇಲ್ಲ, ರಾತ್ರಿಯ ವೆಚ್ಚ ಮಾತ್ರ ನಿಲ್ಲದು. ಬೇಸಿಗೆಯ ಕೊನೆಗೆ ಗಾಳಿ-ಮಳೆ ಒಮ್ಮೆಲೇ ಬಂದರೆ ತಳದ ಕಪ್ಪು ರಾಡಿಯು ಕದಡಿ, ಕೊಳೆತ ತತ್ತಿಯಂಥ ನಾತದ ವಾಯುವು ಮೇಲಕ್ಕೆ ಬರುವದು. ನೀರಿನ ಮೇಲೆಲ್ಲ ಅಂತರಗಂಗೆ ಹರಡಿದರೆ ಗಾಳಿ-ಬಿಸಿಲುಗಳ ದಾರಿಯೇ ಮುಚ್ಚುವದು. ಚರಂಡಿಯ ನೀರು ಸೇರುವ ಕೆರೆಗೆ ಈ ಕಂಟಕವು ಎಷ್ಟು ಬೇಗ ತಗಲುವದೆಂಬದನ್ನು ಹುಬ್ಬಳ್ಳಿಯ ಉಣಕಲ್ಲ ಕೆರೆಯನ್ನು ನೋಡಿದವರು ಬಲ್ಲರು.

ಗುರುತುಗಳು: ನಸುಕಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗುವವು, ಬಿಸಿಲು ಏರಿದಂತೆ ಬದುಕಿದವು ಚೇತರಿಸಿಕೊಳ್ಳುವವು, ದೊಡ್ಡ ಮೀನುಗಳು ಮೊದಲು ಸಾಯುವವು, ಚಿಕ್ಕವು ಉಳಿಯುವವು.

ಉಪಾಯ: ಆಹಾರವನ್ನೂ ಗೊಬ್ಬರವನ್ನೂ ತತ್ಕಾಲ ನಿಲ್ಲಿಸಿರಿ. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಮಳೆಯಂತೆ ಚಿಮುಕಿಸಿರಿ. ಒಳ್ಳೇ ನೀರು ದೊರೆತರೆ ಸೇರಿಸಿರಿ. ಬೋರಿನ ನೀರಿನಲ್ಲಿ ಪ್ರಾಣವಾಯು ಕಡಿಮೆ ಇರುವದರಿಂದ ಅದನ್ನು ನೇರವಾಗಿ ಬಿಡದೆ ಎತ್ತರದಿಂದ ಚೆದರಿಸಿ ಬಿಡತಕ್ಕದ್ದು. ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿದಾಗ ಅಂಗೈಯು ಅಸ್ಪಷ್ಟವಾಗಿಯಾದರೂ ಕಾಣುತ್ತಿರಬೇಕು. ಅರ್ಧ ಇಳಿಸುವಷ್ಟರಲ್ಲಿಯೇ ಹಸಿರಿನೊಳಗೆ ಮರೆಯಾದರೆ ಆ ನೀರಿಗೆ ಗೊಬ್ಬರವು ಹೆಚ್ಚಾಯಿತೆಂದು ತಿಳಿಯಿರಿ.

೨. ವಿಷದ ಗುರುತುಗಳು

ವಿಷದಿಂದ ಸಾಯುವ ಮೀನಿಗೆ ನಸುಕಿನ ನಿಯಮವಿಲ್ಲ, ಮಧ್ಯಾಹ್ನವಾದರೂ ಸಾಯುವದು. ಸಾಯುವ ಮೊದಲು ಹುಚ್ಚುಹಿಡಿದಂತೆ ಸುತ್ತುವದು, ಸೆಟೆಯುವದು. ದೊಡ್ಡವು ಚಿಕ್ಕವು ಎಂಬ ಭೇದವಿಲ್ಲದೆ ಮರಿಗಳೂ ಸಾಯುವವು. ಸೀಗಡಿ ಮತ್ತು ನೀರಹುಳಗಳೂ ಸತ್ತಿರುವವು. ಪ್ರಾಣವಾಯುವಿನ ಕೊರತೆಯಲ್ಲಾದರೋ ಮೇಲೆ ಬಂದು ಗಾಳಿ ತೆಗೆದುಕೊಳ್ಳುವ ಹುಳಗಳೂ ಕಪ್ಪೆಗಳೂ ಬದುಕಿರುವವು.

ವಿಷವೇ ಎಂದು ಕಂಡರೂ ಅದು ಹಗೆಯ ಕೃತ್ಯವೆಂದು ಹೇಳಲಾಗದು. ನಮ್ಮ ಭಾಗದಲ್ಲಿ ಹತ್ತಿಗೂ ಮೆಣಸಿನಕಾಯಿಗೂ ಕೀಟನಾಶಕ ಸಿಂಪಡಿಸುವ ರೂಢಿ ಬಹಳ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದವು ಮನುಷ್ಯನಿಗಿಂತ ಮೀನಿಗೆ ಬಹಳ ಹೆಚ್ಚು ಘಾತಕವಾದವುಗಳು. ಸಿಂಪಡಿಸುವ ಪಂಪನ್ನು ಕೆರೆಯ ದಂಡೆಯಲ್ಲಿ ತೊಳೆದರೂ, ಸಿಂಪಡಿಸಿದ ಬೆನ್ನಲ್ಲಿಯೇ ದೊಡ್ಡ ಮಳೆಯಾಗಿ ಹೊಲದ ನೀರು ಹೊಂಡಕ್ಕೆ ಹರಿದರೂ ಕೇಡಾಗುವದು. ಪಂಪು ತೊಳೆಯುವದಕ್ಕೆ ಕೆರೆಯಿಂದ ದೂರದಲ್ಲಿ ಸ್ಥಳವನ್ನು ಗೊತ್ತುಮಾಡಿ ಡಂಗುರ ಸಾರಿಸುವದು ಪಂಚಾಯತಿಗೆ ಕಠಿಣವಾದ ಕೆಲಸವಲ್ಲ.

೩. ಅಮೋನಿಯಾ ಮತ್ತು ಸುಣ್ಣದ ವಿಚಾರ

ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರವು ಕೊಳೆಯುವದರಿಂದಲೂ ಅಮೋನಿಯಾ ಹುಟ್ಟುವದು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವವು. ಪ್ಲಾಸ್ಟಿಕ ಹಾಳೆ ಹಾಸಿದ ಹೊಸ ಹೊಂಡದಲ್ಲಿ ಮಣ್ಣಿನ ತಳವಿಲ್ಲದ್ದರಿಂದ ಈ ಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳು ಬೇಕಾಗುವವು. ಆದುದರಿಂದ ಅಲ್ಲಿ ಮೊದಲು ಕೆಲವೇ ಮರಿಗಳನ್ನು ಬಿಟ್ಟು ಕ್ರಮೇಣ ಹೆಚ್ಚಿಸುವದು ಜಾಣತನವು.

ಇಲ್ಲಿ ಒಂದು ಮಾತನ್ನು ಲಕ್ಷ್ಯವಿಟ್ಟು ಓದಬೇಕು. ನೀರಿನ ಹುಳಿ-ಕ್ಷಾರಗಳ ಅಳತೆಗೆ ಪಿ.ಎಚ್. ಎನ್ನುವರು, ಏಳು ಎಂಬದು ಮಧ್ಯಮವು, ಏಳಕ್ಕಿಂತ ಮೇಲೆ ಕ್ಷಾರವು. ಪಿ.ಎಚ್. ಏಳು ಇದ್ದಾಗ ನೀರಿನೊಳಗಿನ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲು ಕೂಡ ವಿಷರೂಪದಲ್ಲಿರುವದಿಲ್ಲ. ಒಂಬತ್ತಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ವಿಷರೂಪಕ್ಕೆ ತಿರುಗುವದು. ಅಮೋನಿಯಾ ಅಷ್ಟೇ ಇದ್ದರೂ ಕೇಡು ಅನೇಕ ಪಟ್ಟು. ನಮ್ಮ ಎರೆಭೂಮಿಯ ನೀರು ಸ್ವಭಾವತಃ ಕ್ಷಾರಗುಣದ್ದು. ಮೀನು ಮಂಕಾದ ಕೂಡಲೆ ಸುಣ್ಣ ಎರಚುವ ರೂಢಿಯು ಹುಳಿಮಣ್ಣಿನ ಮಲೆನಾಡಿಗೆ ಹಿತಕರವಾಗಿರಬಹುದು. ಇಲ್ಲಿ ಅಳತೆ ನೋಡದೆ ಸುಟ್ಟಸುಣ್ಣ ಹಾಕಿದರೆ ಬೇನೆಯನ್ನು ತಾನೇ ಬೆಳೆಸಿದಂತಾಗುವದು. ಪಿ.ಎಚ್. ೮.೫ಕ್ಕಿಂತ ಹೆಚ್ಚಾಗಿದ್ದರೆ ಸುಣ್ಣವನ್ನು ಮುಟ್ಟಲೇ ಬೇಡಿರಿ. ಈ ಅಳತೆಯನ್ನು ಕಾಗದದ ಪಟ್ಟಿಯಿಂದ ಯಾರಾದರೂ ನೋಡಬಹುದು. ಹಸಿರು ನೀರಿನಲ್ಲಿ ಅದು ಮಧ್ಯಾಹ್ನ ಏರಿ ನಸುಕಿನಲ್ಲಿ ಇಳಿಯುವದರಿಂದ ಎರಡು ಹೊತ್ತಿನಲ್ಲಿಯೂ ನೋಡತಕ್ಕದ್ದು. ಅಮೋನಿಯಾ ಹೆಚ್ಚಿದಾಗ ಆಹಾರ ನಿಲ್ಲಿಸಿ, ನಾಲ್ಕರಲ್ಲಿ ಒಂದು ಪಾಲು ನೀರನ್ನು ಬದಲಿಸುವದೇ ಸುರಕ್ಷಿತವಾದ ಉಪಾಯವು.

೪. ಸವಳು ನೀರು

ನವಲಗುಂದದ ಕಡೆಯ ಎರೆಭೂಮಿಯಲ್ಲಿ ನೆಲದೊಳಗಿನ ನೀರು ಸವಳೆಂಬದೂ, ಆ ಕಾರಣದಿಂದಲೇ ಅಲ್ಲಿಯ ಊರವರು ಕುಡಿಯುವ ನೀರಿಗೆ ಕೆರೆಗಳನ್ನು ನೆಚ್ಚಿರುವರೆಂಬದೂ ಪ್ರಸಿದ್ಧವಿದೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು ೩೫ ಗ್ರಾಮು ಉಪ್ಪು ಇರುವದು. ನಮ್ಮ ಗೆಂಡೆ ಮೀನುಗಳು ಸಿಹಿನೀರಿನವು. ಲೀಟರಿಗೆ ೫ ಗ್ರಾಮನ್ನು ಮೀರಿದ ನೀರು ಅವಕ್ಕೆ ತಕ್ಕುದಲ್ಲ.

ಬಿಸಿಲಿಗೆ ನೀರು ಆವಿಯಾಗುವದು, ಉಪ್ಪು ಆವಿಯಾಗುವದಿಲ್ಲ. ಹೊಂಡವು ಅರ್ಧ ಇಳಿದರೆ ಉಪ್ಪು ಸುಮಾರು ಇಮ್ಮಡಿಯಾಯಿತು. ಅದನ್ನು ತುಂಬಲು ಸವಳು ಬೋರಿನ ನೀರನ್ನೇ ಬಿಟ್ಟರೆ ಪ್ರತಿಸಲವೂ ಉಪ್ಪು ಏರುತ್ತ ಹೋಗುವದು. ಮಳೆಯ ನೀರಿನಿಂದಾಗಲಿ ಕಾಲುವೆಯ ಸಿಹಿನೀರಿನಿಂದಾಗಲಿ ತುಂಬತಕ್ಕದ್ದು. ಅದು ಸಾಧ್ಯವಿಲ್ಲದಲ್ಲಿ ಬೇಸಿಗೆಗೆ ಮುಂಚೆಯೇ ಮೀನು ಹಿಡಿದು ಮಾರಿಬಿಡುವದು ಲೇಸು. ಆದರೂ ಅಲ್ಪ ಉಪ್ಪು ಶತ್ರುವಲ್ಲ. ನೈಟ್ರೈಟು ಹೆಚ್ಚಾದರೆ ಮೀನಿನ ರಕ್ತವೂ ಕಿವಿರೂ ಕಂದುಬಣ್ಣಕ್ಕೆ ತಿರುಗುವವು. ಆಗ ಉಪ್ಪಿನೊಳಗಿನ ಕ್ಲೋರೈಡು ನೈಟ್ರೈಟು ರಕ್ತಕ್ಕೆ ಸೇರದಂತೆ ತಡೆಯುವದು.

೫. ನಿಜವಾದ ರೋಗಗಳು

ನೀರು ನಿರ್ದೋಷವೆಂದು ಕಂಡ ಮೇಲೆಯೇ ರೋಗವನ್ನು ಹುಡುಕಬೇಕು. ನೀರಿನ ದೋಷವು ಮೀನುಗಳನ್ನು ಒಂದೇ ರಾತ್ರಿಯಲ್ಲಿ ರಾಶಿರಾಶಿಯಾಗಿ ಕೆಡವುವದು. ರೋಗವು ಸಾಮಾನ್ಯವಾಗಿ ದಿನಕ್ಕೆ ಕೆಲವನ್ನಾಗಿ ತೆಗೆದುಕೊಳ್ಳುವದು.

ಮೀನು-ಹೇನು ಎಂಬದು ಚಪ್ಪಟೆಯಾದ ಪಾರದರ್ಶಕ ಹುಳವು. ಮೈಗೆ ಅಂಟಿದ್ದು ಬರಿಗಣ್ಣಿಗೆ ಕಾಣುವದು. ಮೀನು ಮೈಯನ್ನು ಕಲ್ಲು-ಕಟ್ಟಿಗೆಗಳಿಗೆ ಉಜ್ಜುವದು, ಮೈಮೇಲೆ ಕೆಂಪು ಚುಕ್ಕೆಗಳಾಗುವವು. ಈ ಹುಳವು ಗಟ್ಟಿ ವಸ್ತುಗಳ ಮೇಲೆ ತತ್ತಿ ಇಡುವದರಿಂದ ಬಿದಿರಿನ ತುಂಡುಗಳನ್ನು ನೀರಿನಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ಹೊರತೆಗೆದು ಸುಡುಬಿಸಿಲಿನಲ್ಲಿ ಒಣಗಿಸಿದರೆ ಸಂತತಿಯು ಕಡಿಮೆಯಾಗುವದು.

ಹುಣ್ಣಿನ ರೋಗವು ಒಂದು ಜಾತಿಯ ಬೂಷ್ಟಿನಿಂದ ಬರುವಂಥದು. ೧೯೮೮ರಲ್ಲಿ ಇದು ಭಾರತದ ಈಶಾನ್ಯ ಪ್ರಾಂತಗಳಲ್ಲಿ ಕಾಣಿಸಿಕೊಂಡು ಮುಂದೆ ದೇಶದ ಅನೇಕ ಭಾಗಗಳಿಗೆ ಹಬ್ಬಿತು. ಮಳೆಗಾಲ ಮುಗಿದು ಚಳಿ ಬೀಳುವ ಕಾಲಕ್ಕೆ ಮೈಮೇಲೆ ಕೆಂಪು ಕಲೆಗಳಾಗಿ ಅವು ಆಳವಾದ ಹುಣ್ಣುಗಳಾಗುವವು. ಭುವನೇಶ್ವರದ ಕೇಂದ್ರ ಸಿಹಿನೀರು ಮೀನುಕೃಷಿ ಸಂಸ್ಥೆಯವರು ಇದಕ್ಕೆ ಸಿಫಾಕ್ಸ್ ಎಂಬ ಔಷಧವನ್ನು ಸಿದ್ಧಪಡಿಸಿರುವರು. ಒಂದು ಹೆಕ್ಟೇರಿನಲ್ಲಿ ಒಂದು ಮೀಟರು ಆಳದ ನೀರಿಗೆ ಒಂದು ಲೀಟರು ಅದರ ಪ್ರಮಾಣವು.

ಹೊಸ ಮರಿಗಳನ್ನು ಬಿಡುವ ಮುಂಚೆ ಲೀಟರಿಗೆ ೨೦ ಗ್ರಾಮು ಅಡಿಗೆಯ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿದರೆ ಅನೇಕ ಹೊರಹುಳಗಳು ಉದುರುವವು. ಮರಿಗಳು ಮಗ್ಗುಲಾದರೆ ತಕ್ಷಣ ತೆಗೆದುಬಿಡಬೇಕು.

೬. ಔಷಧದ ಲೆಕ್ಕ

ಔಷಧವನ್ನು ಹೊಂಡಕ್ಕೆ ಹಾಕುವದಲ್ಲ, ಹೊಂಡದಲ್ಲಿ ಆ ದಿನ ಇರುವ ನೀರಿಗೆ ಹಾಕುವದು. ಉದಾಹರಣೆಗೆ, ಮೇಲೆ ೨೧ ಮೀಟರು ಚೌಕ, ತಳದಲ್ಲಿ ೧೫ ಮೀಟರು ಚೌಕ, ಆಳ ೩ ಮೀಟರು ಇರುವ ಹೊಂಡವು ತುಂಬಿದಾಗ ಅದರಲ್ಲಿ ಸುಮಾರು ೯೮೦ ಘನಮೀಟರು ನೀರು ಹಿಡಿಯುವದು. ಲೀಟರಿಗೆ ೨ ಮಿಲಿಗ್ರಾಮಿನಂತೆ ಪರಮ್ಯಾಂಗನೇಟು ಹಾಕಬೇಕಾದರೆ ಹೆಚ್ಚುಕಡಿಮೆ ೨ ಕಿಲೋ ಬೇಕು. ಅದೇ ಹೊಂಡದಲ್ಲಿ ಬೇಸಿಗೆಗೆ ಒಂದೇ ಮೀಟರು ನೀರು ಉಳಿದಿದ್ದರೆ ಅದು ಸುಮಾರು ೨೫೬ ಘನಮೀಟರು ಮಾತ್ರ. ಅರ್ಧ ಕಿಲೋ ಸಾಕು. ಹೋದ ಸಲದ ಲೆಕ್ಕದಂತೆಯೇ ೨ ಕಿಲೋ ಸುರಿದವನು ಸುಮಾರು ನಾಲ್ಕು ಪಟ್ಟು ಔಷಧ ಹಾಕಿದಂತಾಗಿ, ರೋಗದಿಂದ ಉಳಿದ ಮೀನನ್ನು ಔಷಧದಿಂದ ಕಳೆದುಕೊಳ್ಳುವನು.

೭. ಪ್ರಮುಖರು ಮಾಡತಕ್ಕ ಕೆಲಸ

ಮೀನು ಸತ್ತ ಸುದ್ದಿ ಬಂದ ಕೂಡಲೆ ಗೌಡರಾಗಲಿ ಪಂಚಾಯತಿಯ ಪ್ರಮುಖರಾಗಲಿ ಇಬ್ಬರು ಸಾಕ್ಷಿದಾರರೊಡನೆ ದಂಡೆಗೆ ಹೋಗಿ ಈ ಕೆಳಗಿನಂತೆ ನಡೆಯತಕ್ಕದ್ದು:

(ಅ) ಸಾವು ಎಷ್ಟು ಹೊತ್ತಿಗೆ ಕಂಡಿತು, ಹಿಂದಿನ ಎರಡು ದಿನ ಮೋಡ-ಮಳೆ ಇತ್ತೋ, ದೊಡ್ಡವು ಸತ್ತಿವೆಯೋ ಚಿಕ್ಕವೋ, ಕಪ್ಪೆ-ಹುಳಗಳ ಸ್ಥಿತಿ ಏನು, ಸುತ್ತಲಿನ ಹೊಲಗಳಲ್ಲಿ ಔಷಧ ಸಿಂಪಡಿಸಿದ್ದರೋ, ಇವನ್ನೆಲ್ಲ ಬರೆದಿಡಬೇಕು.

(ಆ) ಸ್ವಚ್ಛವಾದ ಗಾಜಿನ ಸೀಸೆಯಲ್ಲಿ ಅದೇ ಹೊತ್ತಿನ ನೀರನ್ನು ಬಾಯಿತನಕ ತುಂಬಿ ಮುಚ್ಚಬೇಕು. ಈಗತಾನೆ ಸತ್ತ ಅಥವಾ ಸಾಯುತ್ತಿರುವ ಎರಡು ಮೂರು ಮೀನುಗಳನ್ನು ಬರ್ಫದಲ್ಲಿ ಇಡಬೇಕು. ಕೊಳೆತ ಮೀನು ಪರೀಕ್ಷೆಗೆ ಉಪಯೋಗವಿಲ್ಲ.

(ಇ) ಅಂದೇ ಇವನ್ನು ತಾಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ಒಪ್ಪಿಸಬೇಕು. ಪರೀಕ್ಷೆಯ ಫಲವು ಬರುವ ವರೆಗೆ ಯಾರ ಹೆಸರನ್ನೂ ಎತ್ತಕೂಡದು.

(ಈ) ಸತ್ತ ಮೀನನ್ನು ತಿನ್ನಲಿಕ್ಕಾಗಲಿ ಮಾರಲಿಕ್ಕಾಗಲಿ ಕೊಡದೆ ನೀರಿನಿಂದ ದೂರದಲ್ಲಿ ಆಳವಾಗಿ ಹುಗಿಸಬೇಕು. ಸಂಶಯ ಪರಿಹಾರವಾಗುವ ವರೆಗೆ ಆ ನೀರಿಗೆ ದನಗಳನ್ನು ಬಿಡಕೂಡದು; ಜನರೂ ಅದನ್ನು ಕುಡಿಯಕೂಡದು.

ಎಕರೆಗೆ ಎರಡು ಸಾವಿರಕ್ಕಿಂತ ಹೆಚ್ಚು ಮರಿಗಳನ್ನು ಬಿಡದಿರುವದು, ಮೋಡದ ದಿನ ಆಹಾರವನ್ನು ಕಡಿಮೆ ಮಾಡುವದು, ಬೇಸಿಗೆಯಲ್ಲಿ ನೀರು ಬತ್ತಿದಾಗ ತಳದ ಕಪ್ಪು ರಾಡಿಯನ್ನು ತೆಗೆದು ಹೊಲಕ್ಕೆ ಹಾಕುವದು, ವಾರಕ್ಕೊಂದು ಸಲ ನಸುಕಿನಲ್ಲಿ ದಂಡೆಗೆ ಹೋಗಿ ಮೀನಿನ ನಡೆ ನೋಡುವದು, ಇವಕ್ಕೆ ಖರ್ಚು ಅಲ್ಪ, ಫಲ ಬಹಳ. ಮೀನು ಮೇಲೆ ಬಂದು ಬಾಯಿ ತೆರೆಯುವ ಮೊದಲ ನಸುಕನ್ನು ಕಂಡವನಿಗೆ ಅದನ್ನು ಉಳಿಸಿಕೊಳ್ಳುವ ಸಮಯವಿರುವದು; ತೇಲಿದ ಮೇಲೆ ಬಂದವನಿಗೆ ಎಣಿಸುವ ಕೆಲಸ ಮಾತ್ರ. ಪ್ರಮುಖರು ಈ ಸಂಗತಿಗಳನ್ನು ತಮ್ಮ ತಮ್ಮ ಊರಿನ ಮೀನುಸಾಕುವವರಿಗೆ ಓದಿ ತಿಳಿಸಬೇಕೆಂದು ವಿನಂತಿ.