ಪೋರ್ಷನ್ ಮುಗಿಸುವುದಕ್ಕೂ ಮುನ್ನ

ಕಾಲೇಜಿನ ಪಠ್ಯಕ್ರಮವೆಂದರೆ ನಾಲ್ಕೈದು ಘಟಕಗಳು, ಪ್ರತಿ ಘಟಕದ ಮುಂದೆ ಇಂತಿಷ್ಟು ಬೋಧನಾ ಗಂಟೆಗಳು, ಕೊನೆಯಲ್ಲಿ ಉದ್ದನೆಯ ಆಕರ ಗ್ರಂಥಗಳ ಪಟ್ಟಿ ಎಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅಧ್ಯಾಪಕರಲ್ಲಿಯೂ ಬೇರೂರಿದೆ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಈ ಪಟ್ಟಿಯನ್ನು ತರಗತಿಯಲ್ಲಿ ದಾಟಿಸಿಬಿಡುವುದೇ ‘ಪೋರ್ಷನ್ ಮುಗಿಸುವುದು’. ಪೋರ್ಷನ್ ಮುಗಿದ ಮೇಲೂ ವಿದ್ಯಾರ್ಥಿಗೆ ಏನು ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಸಾಮಾನ್ಯ. ಅದಕ್ಕೆ ಕಾರಣ ಬೋಧನೆಯ ಕೊರತೆಗಿಂತ ಹೆಚ್ಚಾಗಿ ಪಠ್ಯಕ್ರಮವನ್ನು ಕಟ್ಟುವ ರೀತಿಯಲ್ಲಿಯೇ ಇದೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಅದಕ್ಕೂ ಮೊದಲು ಅವು ಗುಲ್ಬರ್ಗಾ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಗಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವಾದರೂ ಪಠ್ಯಕ್ರಮ ಮಾತ್ರ ಒಂದೇ ಕಡೆಯಿಂದ ಬರುತ್ತದೆ. ಆಯಾ ವಿಷಯದ ಪ್ರಾಧ್ಯಾಪಕರು ಸೇರಿದ ಅಧ್ಯಯನ ಮಂಡಳಿಯು ಕರಡನ್ನು ಸಿದ್ಧಪಡಿಸುತ್ತದೆ, ವಿದ್ಯಾವಿಷಯಕ ಪರಿಷತ್ತು ಅದಕ್ಕೆ ಒಪ್ಪಿಗೆ ನೀಡುತ್ತದೆ, ಅಲ್ಲಿಂದ ಅದು ಕಾಲೇಜುಗಳಿಗೆ ಇಳಿಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021–22ರಲ್ಲಿ ಜಾರಿಗೆ ತಂದು ನಾಲ್ಕು ವರ್ಷದ ಪದವಿಗೆ ಅವಕಾಶ ಕಲ್ಪಿಸಿತು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಚೌಕಟ್ಟು ಮೇಲಿಂದ ಮೇಲೆ ಬದಲಾಗುವಾಗ ಹಳೆಯ ಘಟಕಗಳನ್ನೇ ಹೊಸ ಶೀರ್ಷಿಕೆಯಡಿ ಜೋಡಿಸಿಡುವ ಆಸೆ ಹುಟ್ಟುವುದು ಸಹಜವಾದರೂ, ಅದನ್ನು ಪರಿಷ್ಕರಣೆ ಎಂದು ಕರೆಯಲಾಗದು.

ಪಠ್ಯಕ್ರಮವನ್ನು ತುದಿಯಿಂದ ಕಟ್ಟಬೇಕು ಎಂಬ ವಿಚಾರ ಹೊಸದೇನಲ್ಲ. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರ ತನ್ನ ಪುಸ್ತಕದಲ್ಲಿ, ಉದ್ದೇಶವನ್ನು ಮೊದಲು ಗೊತ್ತುಪಡಿಸಿ ಆನಂತರ ಅದಕ್ಕೆ ತಕ್ಕ ಕಲಿಕೆಯ ಅನುಭವಗಳನ್ನು ಆರಿಸಬೇಕೆಂದು ವಾದಿಸಿದ್ದ. 1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಇದೇ ವಿಚಾರಕ್ಕೆ ಹಿಮ್ಮುಖ ವಿನ್ಯಾಸವೆಂಬ ಸ್ಪಷ್ಟ ರೂಪ ಕೊಟ್ಟರು. ಕೋರ್ಸ್ ಮುಗಿದಾಗ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಿರಬೇಕು ಎಂಬ ‘ಕಲಿಕಾ ಫಲ’ವನ್ನು ಮೊದಲು ಬರೆಯುವುದು, ಅದು ಬಂದಿದೆಯೆಂದು ಯಾವ ಕೆಲಸದಿಂದ ತಿಳಿಯುತ್ತದೆ ಎಂಬ ಮೌಲ್ಯಮಾಪನವನ್ನು ಆಮೇಲೆ ಯೋಚಿಸುವುದು, ಪಾಠಗಳನ್ನು ಕೊನೆಗೆ ಆರಿಸುವುದು ಇದರ ಕ್ರಮ. ‘ತಿಳಿಯುವುದು’, ‘ಅರಿಯುವುದು’ ಎಂಬಂಥ ಕ್ರಿಯಾಪದಗಳಿಂದ ತುಂಬಿದ ಕಲಿಕಾ ಫಲಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅವನ್ನು ಅಳೆಯುವ ಬಗೆ ಯಾರಿಗೂ ಗೊತ್ತಿರುವುದಿಲ್ಲ.

ಹೊಸಪೇಟೆಯ ಕಾಲೇಜೊಂದರ ಇತಿಹಾಸದ ತರಗತಿಯಲ್ಲಿ ವಿಜಯನಗರ ಸಾಮ್ರಾಜ್ಯದ ಕೋರ್ಸ್ ಇದೆಯೆಂದು ಭಾವಿಸೋಣ. ರೂಢಿಯ ಪಠ್ಯಕ್ರಮವು 1336ರಿಂದ ಆರಂಭಿಸಿ, ನಾಲ್ಕು ರಾಜವಂಶಗಳನ್ನು ದಾಟಿ, 1565ರ ಯುದ್ಧ, ಆಡಳಿತ, ಕಲೆ, ಸಾಹಿತ್ಯ ಎಂದು ಸಾಗುತ್ತದೆ. ಅದರ ಬದಲು ‘ಒಂದೇ ಸಂಗತಿಯ ಕುರಿತ ಎರಡು ಬಗೆಯ ಆಧಾರಗಳನ್ನು ಎದುರಿಟ್ಟು ತೂಗಿ, ತನ್ನ ತೀರ್ಮಾನಕ್ಕೆ ಕಾರಣ ಬರೆಯುವುದು’ ಎಂಬುದನ್ನು ಕಲಿಕಾ ಫಲವಾಗಿ ಇಟ್ಟುಕೊಂಡರೆ, ಅದಕ್ಕೆ ಬೇಕಾದ ಪ್ರಯೋಗಶಾಲೆ ಹದಿಮೂರು ಕಿಲೋಮೀಟರ್ ದೂರದ ಹಂಪಿಯಲ್ಲಿಯೇ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತಾನು ಕಂಡ ‘ವಿಜಯದ ಮನೆ’ಯನ್ನು ರಾಜನು ಒಡಿಶಾದ ಯುದ್ಧದಿಂದ ಮರಳಿದ ಮೇಲೆ ಕಟ್ಟಿಸಿದನೆಂದು ಬರೆದಿದ್ದಾನೆ, ವಿದ್ವಾಂಸರು ಅದನ್ನು ಮಹಾನವಮಿ ದಿಬ್ಬವೆಂದು ಗುರುತಿಸುತ್ತ ಬಂದಿದ್ದಾರೆ. ಆದರೆ ದಿಬ್ಬದ ಬುಡದಲ್ಲಿರುವ, ಬೇಟೆ, ಕುದುರೆ, ಆನೆ, ನರ್ತಕಿಯರ ಸಾಲುಗಳನ್ನು ಕೆತ್ತಿದ ಗ್ರಾನೈಟ್ ಹಂತಗಳು ಶೈಲಿಯಲ್ಲಿ ಅದಕ್ಕಿಂತ ಹಳೆಯವೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಅದೇ ದಿಬ್ಬಕ್ಕೆ ಹೊದಿಸಿದ ಹಸಿರು ಛಾಯೆಯ ಕಲ್ಲಿನ ಭಾಗದ ಶೈಲಿ ಬೇರೆ. ಕಣ್ಣಾರೆ ಕಂಡವನ ಮಾತು ಮತ್ತು ಕಲ್ಲಿನ ಸಾಕ್ಷ್ಯ ಹೊಂದದಿದ್ದಾಗ ಏನು ಮಾಡಬೇಕು? ಪಾಯೆಸ್ ತಪ್ಪು ಕೇಳಿಸಿಕೊಂಡನೆ, ಹಳೆಯ ಪೀಠವನ್ನು ರಾಯನು ವಿಸ್ತರಿಸಿದ್ದನೆ, ಅಥವಾ ಗುರುತಿಸುವಿಕೆಯೇ ಅನುಮಾನಾಸ್ಪದವೆ ಎಂದು ವಿದ್ಯಾರ್ಥಿ ಎರಡು ಪುಟ ಬರೆದರೆ, ಆ ಎರಡು ಪುಟಗಳೇ ಪರೀಕ್ಷೆಯಾಗುತ್ತವೆ. ಪಾಯೆಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನುನಿಜ್‌ರ ಬರಹಗಳನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸೆವೆಲ್‌ನ 1900ರ ಗ್ರಂಥದ ಆಯ್ದ ಪುಟಗಳು, ಶಾಸನ ಓದುವ ಒಂದೆರಡು ತರಗತಿಗಳು, ಸ್ಥಳ ಭೇಟಿ – ಇವೆಲ್ಲ ಆ ಕೆಲಸಕ್ಕೆ ಬೇಕೆಂದೇ ಪಠ್ಯಕ್ರಮದೊಳಗೆ ಬರುತ್ತವೆ.

ಹೀಗೆ ಮಾಡಿದಾಗ ಏನನ್ನಾದರೂ ಬಿಡಲೇಬೇಕಾಗುತ್ತದೆ. ವಾರಕ್ಕೊಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ ಎಂಬ ಲೆಕ್ಕದಲ್ಲಿ ಮೂರು ಕ್ರೆಡಿಟ್‌ಗಳ ಕೋರ್ಸಿಗೆ ಸೆಮಿಸ್ಟರಿನಲ್ಲಿ ಸಿಗುವುದು ಸುಮಾರು 45 ಗಂಟೆ. ಹಬ್ಬದ ರಜೆ, ಇಂಟರ್ನಲ್ಸ್, ಕಾರ್ಯಕ್ರಮಗಳು ಅದರಲ್ಲಿಯೇ ಕಳೆಯುತ್ತವೆ. ಯಾವ ಘಟಕವನ್ನು ಕೈಬಿಡಬೇಕೆಂದು ಕೂತು ನಿರ್ಧರಿಸುವುದು ಹೊಸದನ್ನು ಸೇರಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಅಧ್ಯಯನ ಮಂಡಳಿಗಳು ಹಿಂಜರಿಯುವುದೂ ಇಲ್ಲಿಯೇ.

ಉಳಿದ ವಿಷಯಗಳಿಗೂ ಈ ನೆಲದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿಯಷ್ಟಿದ್ದು, ಹೂಳಿನಿಂದಾಗಿ ಈಗ 105ರ ಆಸುಪಾಸಿಗೆ ಇಳಿದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ಇಟ್ಟುಕೊಂಡು, ಏಳು ದಶಕಗಳಲ್ಲಿ ವರ್ಷಕ್ಕೆಷ್ಟು ನಷ್ಟವಾಯಿತೆಂದು, ಅದು ಕಂಪ್ಲಿಯ ಭತ್ತದ ಗದ್ದೆಯ ಎರಡನೆಯ ಬೆಳೆಗೆ ಏನು ಅರ್ಥ ಕೊಡುತ್ತದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿ ಲೆಕ್ಕ ಹಾಕಬಹುದು. 2024ರ ಆಗಸ್ಟ್ 10ರ ರಾತ್ರಿ ಇದೇ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿರ್ವಹಣೆ, ಸಾರ್ವಜನಿಕ ವೆಚ್ಚ, ಅಂತರರಾಜ್ಯ ಜಲ ಹಂಚಿಕೆ ಮೂರನ್ನೂ ಒಟ್ಟಿಗೆ ಓದಿಸುವ ಪ್ರಕರಣ. ಸಂಡೂರಿನ ಕಬ್ಬಿಣದ ಅದಿರು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದು, 2015ರ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿ ರಾಜ್ಯಶಾಸ್ತ್ರಕ್ಕೂ ವಾಣಿಜ್ಯಕ್ಕೂ ಸಮಾನವಾಗಿ ಸಲ್ಲುತ್ತವೆ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸುವುದು, ಜಾಗಕ್ಕೂ ವಿಷಯಕ್ಕೂ ನಂಟು ಬೆಸೆದ ಪರಂಪರೆ ಇಲ್ಲಿ ಈಗಾಗಲೇ ಇದೆ ಎಂಬುದಕ್ಕೆ ಸಾಕ್ಷಿ.

ಆಕರ ಗ್ರಂಥಗಳ ಪಟ್ಟಿಯೂ ಇದೇ ಮಾನದಂಡಕ್ಕೆ ಒಳಗಾಗಬೇಕು. ಗ್ರಂಥಾಲಯದಲ್ಲಿ ಒಂದು ಪ್ರತಿಯೂ ಇಲ್ಲದ ಇಪ್ಪತ್ತು ಇಂಗ್ಲಿಷ್ ಪುಸ್ತಕಗಳನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಮುಂದಿಡುವುದು ಅಲಂಕಾರವೇ ಹೊರತು ಓದಿನ ಮಾರ್ಗವಲ್ಲ. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಹೊರತಂದ ಕನ್ನಡದ ಸಂಶೋಧನಾ ಗ್ರಂಥಗಳು ಇಷ್ಟು ಹತ್ತಿರದಲ್ಲಿರುವಾಗ, ಪ್ರತಿ ಘಟಕಕ್ಕೆ ಇಂತಿಷ್ಟೇ ಪುಟಗಳೆಂದು ಗುರುತುಮಾಡಿದ ಎರಡು ಕನ್ನಡ ಬರಹ, ಒಂದು ಇಂಗ್ಲಿಷ್ ಬರಹ ಇದ್ದರೆ ಸಾಕು.

ಸಂಯೋಜಿತ ಕಾಲೇಜಿನ ಅಧ್ಯಾಪಕರಿಗೆ ಸೆಮಿಸ್ಟರ್ ಅಂತ್ಯದ ಪ್ರಶ್ನೆಪತ್ರಿಕೆಯ ಮೇಲೆ ಹಿಡಿತವಿಲ್ಲವೆಂಬುದು ನಿಜ. ವಿದ್ಯಾರ್ಥಿಗಳು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೇ ನಿಜವಾದ ಪಠ್ಯಕ್ರಮವೆಂದು ಭಾವಿಸುವುದರಲ್ಲಿ ತಪ್ಪೂ ಇಲ್ಲ. ಆದರೆ ಆಂತರಿಕ ಅಂಕಗಳು ಮತ್ತು ಲೆಸನ್ ಪ್ಲಾನ್ ಅಧ್ಯಾಪಕರ ಕೈಯಲ್ಲಿಯೇ ಇವೆ. ನಕಲು ಮಾಡಿ ತರುವ ಅಸೈನ್‌ಮೆಂಟಿನ ಜಾಗದಲ್ಲಿ ದಿಬ್ಬದ ಆ ಎರಡು ಪುಟಗಳನ್ನೋ ಹೂಳಿನ ಆ ಲೆಕ್ಕವನ್ನೋ ಇರಿಸಲು ಯಾವ ಆದೇಶವೂ ಬೇಕಿಲ್ಲ. ವಿದ್ಯಾರ್ಥಿಗಳು ಎಲ್ಲಿ ಎಡವಿದರು, ಯಾವ ಘಟಕಕ್ಕೆ ಸಮಯ ಸಾಲಲಿಲ್ಲ ಎಂಬುದನ್ನು ಪ್ರತಿ ಸೆಮಿಸ್ಟರ್ ಬರೆದಿಟ್ಟ ಅಧ್ಯಾಪಕರ ಟಿಪ್ಪಣಿಗಳು ಮುಂದಿನ ಪರಿಷ್ಕರಣೆಯ ವೇಳೆಗೆ ಅಧ್ಯಯನ ಮಂಡಳಿಯ ಮೇಜಿನ ಮೇಲೆ ಬಂದರೆ, ಯಾವ ಘಟಕವನ್ನು ಬಿಡಬೇಕೆಂಬ ಚರ್ಚೆ ಊಹೆಯ ಬದಲು ಅವುಗಳಿಂದಲೇ ಆರಂಭವಾಗಬಹುದು.